ನೋವಿಲ್ಲವೆಂದು ನೆಮ್ಮದಿ ಬೇಡ: ಸಕ್ಕರೆ ಕಾಯಿಲೆ, ಹೆಪ್ಪುಗಟ್ಟುವ ರಕ್ತ ಮತ್ತು ಅಡಗಿ ಕುಳಿತ ಹೃದ್ರೋಗ



"ಡಾಕ್ಟ್ರೇ, ನಿಮ್ಮ ಆರೋಗ್ಯದ ಪುಟ ಇನ್ನೂ ಬಂದಿಲ್ಲ" ಎಂದು ನಮ್ಮ ಸ್ಮರಣ ಸಂಚಿಕೆಯ ಸಂಪಾದಕರು ಮೂರನೇ ಸಲ ಫೋನ್ ಮಾಡಿದ ಮೇಲೆ, ಎಂದಿನಂತೆ ಕಡೆಯ ಗಳಿಗೆಯಲ್ಲಿ ಬರೆಯಲು ಕುಳಿತಿದ್ದೇನೆ. ಕಳೆದ ಸಂಚಿಕೆಯಲ್ಲಿ ಮಧುಮೇಹಿಗಳು ಪಾದಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬರೆದಿದ್ದೆ. ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗದಂತೆ ಮಾಡುವ ನರಗಳ ದೌರ್ಬಲ್ಯದ ವಿಷಯ ಅದರಲ್ಲಿತ್ತು. ಅದೇ ದೌರ್ಬಲ್ಯ ಹೃದಯದ ನರಗಳಿಗೂ ಬಂದರೆ ಏನಾಗುತ್ತದೆ? ಈ ಬಾರಿಯ ವಿಷಯ ಅದು.

ನವೆಂಬರ್ ತಿಂಗಳು ನಮಗೆ ರಾಜ್ಯೋತ್ಸವದ ತಿಂಗಳಾದರೆ, ವೈದ್ಯರಿಗೆ ಮಧುಮೇಹದ ತಿಂಗಳೂ ಹೌದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಾರೆ. ಹಾಗಾಗಿ ಹೋಳಿಗೆಯ ಊಟದ ನಡುವೆ ಈ ಮಾತು ಎತ್ತುತ್ತಿರುವುದಕ್ಕೆ ತಾವು ಬೇಸರಿಸಬಾರದು.

ಮೊದಲು ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಜೋಡಿಸಿಡುತ್ತಿದ್ದ ಹೊತ್ತು. ನಮ್ಮ ಕರಾವಳಿಯ ಕಡೆಯ ಗೆಳೆಯರೊಬ್ಬರು, ವಯಸ್ಸು 52, ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯವರು, ಸಂಘದ ಯಾವ ಕೆಲಸಕ್ಕೂ ಮುಂದೆ ಬರುವವರು. ಅಂದು ಮಾತ್ರ ಒಂದು ಮೂಲೆಯಲ್ಲಿ ಕುಳಿತಿದ್ದರು. "ಏನು ಸ್ವಾಮೀ, ಸುಸ್ತೇ?" ಎಂದೆ. "ಏನಿಲ್ಲ ಡಾಕ್ಟ್ರೇ, ಹೊಟ್ಟೆ ಉಬ್ಬರಿಸಿದ ಹಾಗಿದೆ. ಗ್ಯಾಸ್ ಇರಬೇಕು" ಎಂದರು. ನಾನು ನಗುತ್ತಾ, "ಹೋಳಿಗೆ ಲೆಕ್ಕ ತಪ್ಪಿರಬೇಕು. ಮನೆಗೆ ಹೋಗಿ ಜೀರಿಗೆ ಕಷಾಯ ಕುಡಿದು ಮಲಗಿ" ಎಂದು ಬೆನ್ನು ತಟ್ಟಿ ಕಳಿಸಿದೆ. ಬೆನ್ನು ತಟ್ಟಿದಾಗ ಅಂಗಿ ಒದ್ದೆಯಾಗಿತ್ತು. ಹೊರಗೆ ನವೆಂಬರ್ ತಿಂಗಳ ತಂಪು ಗಾಳಿ ಬೀಸುತ್ತಿತ್ತು.

ನಾಲ್ಕನೆಯ ದಿನ ಅವರ ಶ್ರೀಮತಿಯವರು ಫೋನ್ ಮಾಡಿದರು. "ಡಾಕ್ಟ್ರೇ, ಇವರಿಗೆ ಮನೆಯ ಮೆಟ್ಟಿಲು ಹತ್ತಲಿಕ್ಕೆ ಆಗುತ್ತಿಲ್ಲ, ಏದುಸಿರು ಬರ್ತದೆ. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗ್ತಾರೆ." ತಕ್ಷಣ ಆಸ್ಪತ್ರೆಗೆ ಕಳಿಸಿದೆ. ಇಸಿಜಿಯಲ್ಲಿ ಹೃದಯಾಘಾತವಾಗಿ ಕೆಲವು ದಿನಗಳಾಗಿರುವ ಗುರುತು ಸ್ಪಷ್ಟವಾಗಿತ್ತು. ಹೃದಯದ ಒಂದು ಭಾಗದ ಸ್ನಾಯು ಆಗಲೇ ಸತ್ತುಹೋಗಿತ್ತು. ಅವರು ಹಾಸಿಗೆಯಲ್ಲಿ ಕುಳಿತು ನನ್ನನ್ನು ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಅಲ್ಲ ಡಾಕ್ಟ್ರೇ, ಹಾರ್ಟ್ ಅಟ್ಯಾಕ್ ಅಂದ್ರೆ ಎದೆ ಹಿಂಡ್ತದೆ ಅಂತಾರಲ್ಲ. ನಂಗೆ ನೋವೇ ಆಗಲಿಲ್ಲವಲ್ಲ!"

ನೋವಾಗದಿದ್ದುದು ಅವರ ತಪ್ಪಲ್ಲ. ಬೆವರನ್ನು ಕೈಯಾರೆ ಮುಟ್ಟಿಯೂ ಅರ್ಥಮಾಡಿಕೊಳ್ಳದಿದ್ದುದು ನನ್ನ ತಪ್ಪು. ವೈದ್ಯನಾದ ನಾನೇ ಎಡವಿದ ಕಡೆ ತಾವು ಎಡವಬಾರದು ಎಂಬ ಕಾರಣಕ್ಕೆ, ಗೆಳೆಯರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಇದು ನಮ್ಮ ಮನೆಯ ಮಾತು

ಸಕ್ಕರೆ ಕಾಯಿಲೆ ಇಂದು ಯಾರೋ ಇನ್ನೊಬ್ಬರ ಕಾಯಿಲೆಯಲ್ಲ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ನಾವು ಬದುಕು ಕಟ್ಟಿಕೊಂಡಿರುವ ಈ ಕತಾರ್‌ನಲ್ಲಿಯೂ 2012ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕತಾರಿ ವಯಸ್ಕರಲ್ಲಿ 100ಕ್ಕೆ ಸುಮಾರು 17 ಮಂದಿಗೆ ಮಧುಮೇಹವಿತ್ತು. ಕತಾರ್ ಸೇರಿದಂತೆ ಈ ಭಾಗದ ಆರು ದೇಶಗಳಲ್ಲಿ 2007ರ ಸುಮಾರಿಗೆ ಹೃದಯಾಘಾತ ಮತ್ತು ಅದಕ್ಕೆ ಹತ್ತಿರದ ತೊಂದರೆಗಳಿಂದ ಆಸ್ಪತ್ರೆ ಸೇರಿದವರನ್ನು ದಾಖಲಿಸಿದಾಗ, ಹತ್ತರಲ್ಲಿ ಸುಮಾರು ನಾಲ್ವರು ಮಧುಮೇಹಿಗಳಾಗಿದ್ದರು.

ಇನ್ನೊಂದು ಮಾತು. ನಮ್ಮ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಎಂಬ ದೊಡ್ಡ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಬೇರೆ ದೇಶದವರಲ್ಲಿ ಸುಮಾರು 59 ಇದ್ದರೆ, ನಮ್ಮವರಲ್ಲಿ 53. ಅಂದರೆ ಮಗಳ ಕಾಲೇಜು ಫೀಸು, ಊರಿನ ಮನೆಯ ಸಾಲ, ವಯಸ್ಸಾದ ತಂದೆತಾಯಿ ಎಲ್ಲವೂ ಹೆಗಲ ಮೇಲಿರುವ ವಯಸ್ಸು.

ಮಧುಮೇಹ ಎಂದ ಕೂಡಲೇ ನಾವು ಕಣ್ಣು, ಕಿಡ್ನಿ, ಕಾಲು ಎನ್ನುತ್ತೇವೆ. ಆದರೆ ಮಧುಮೇಹಿಗಳ ಪ್ರಾಣಕ್ಕೆ ಹೆಚ್ಚು ಕುತ್ತು ತರುವುದು ಹೃದಯ ಮತ್ತು ಮಿದುಳಿನ ರಕ್ತನಾಳಗಳ ಕಾಯಿಲೆ. ಅದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಒಂದು, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಎರಡು, ಎಚ್ಚರಿಸಬೇಕಾದ ನೋವು ಸುಮ್ಮನಿರುತ್ತದೆ. ಒಂದೊಂದಾಗಿ ನೋಡೋಣ.

ರಕ್ತಕ್ಕೆ ಹೆಪ್ಪು ಹಾಕುವವರು ಯಾರು?

ಹಾಲು ಮೊಸರಾಗಲು ಹೆಪ್ಪು ಬೇಕು. ನಮ್ಮ ರಕ್ತಕ್ಕೂ ಒಂದು ಹೆಪ್ಪಿನ ವ್ಯವಸ್ಥೆ ಇದೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಐದಾರು ನಿಮಿಷದಲ್ಲಿ ರಕ್ತ ನಿಲ್ಲುವುದು ಈ ವ್ಯವಸ್ಥೆಯಿಂದಲೇ. ಮೊದಲು ಓಡಿ ಬರುವವು ಪ್ಲೇಟ್‌ಲೆಟ್‌ಗಳು, ಅಂದರೆ ಕಿರುತಟ್ಟೆಗಳು. ಡೆಂಗಿ ಜ್ವರದ ಪುಣ್ಯದಿಂದ ಇವುಗಳ ಹೆಸರು ಈಗ ಎಲ್ಲರಿಗೂ ಗೊತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಆಯುಸ್ಸು ವಾರದಿಂದ ಹತ್ತು ದಿನ. ಗಾಯವಾದ ಜಾಗಕ್ಕೆ ಇವು ಅಂಟಿಕೊಂಡು ಒಂದು ಬಿರಡೆ ಹಾಕುತ್ತವೆ. ಆಮೇಲೆ ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ನೂಲಾಗಿ, ಮೀನಿನ ಬಲೆಯಂತೆ ಹೆಣೆದುಕೊಂಡು ಆ ಬಿರಡೆಯನ್ನು ಬಿಗಿಯುತ್ತದೆ.

ದೇವರ ಸೃಷ್ಟಿಯ ಸೊಗಸೆಂದರೆ, ಬಲೆ ನೇಯುವವರ ಜೊತೆಗೆ ಬಲೆ ಬಿಚ್ಚುವವರನ್ನೂ ಅವನು ಇಟ್ಟಿದ್ದಾನೆ. ರಕ್ತನಾಳದ ಒಳಗೋಡೆಯೇ ಟಿಪಿಎ ಎಂಬ ವಸ್ತುವನ್ನು ತಯಾರಿಸಿ, ಕೆಲಸ ಮುಗಿದ ಹೆಪ್ಪನ್ನು ಕರಗಿಸುವಂತೆ ಮಾಡುತ್ತದೆ. ಕಟ್ಟುವ ಶಕ್ತಿ, ಕರಗಿಸುವ ಶಕ್ತಿ ಎರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿರಬೇಕು. ಕರಗಿಸುವುದು ಹೆಚ್ಚಾದರೆ ರಕ್ತಸ್ರಾವ, ಕಟ್ಟುವುದು ಹೆಚ್ಚಾದರೆ ಅಡಚಣೆ.

ಮಧುಮೇಹದಲ್ಲಿ ತಕ್ಕಡಿ ವಾಲುತ್ತದೆ

ಜುಲೈ ತಿಂಗಳಲ್ಲಿ ದೋಹಾದ ಅಡುಗೆಮನೆಯಲ್ಲಿ ಹೆಪ್ಪು ಹಾಕಿದ ಹಾಲನ್ನು ಹೊರಗಿಟ್ಟು ಮರೆತವರಿಗೆ ಗೊತ್ತು, ಎಷ್ಟು ಬೇಗ ಗಟ್ಟಿಯಾಗುತ್ತದೆ, ಎಷ್ಟು ಬೇಗ ಹುಳಿಯಾಗುತ್ತದೆ ಎಂದು. ಸಕ್ಕರೆ ಹತೋಟಿಯಲ್ಲಿಲ್ಲದವರ ರಕ್ತವೂ ಹಾಗೆಯೇ ಅವಸರದ್ದು. ಅದಕ್ಕೆ ಕಾರಣಗಳು ಇವು:

1. ಪ್ಲೇಟ್‌ಲೆಟ್‌ಗಳು ಮುಂಗೋಪಿಗಳಾಗುತ್ತವೆ. ಸಕ್ಕರೆಯ ಅಂಶ ಅವುಗಳ ಹೊರಪೊರೆಗೆ ಮೆತ್ತಿಕೊಂಡು, ಸಣ್ಣ ಪ್ರಚೋದನೆಗೂ ಅವು ಗುಂಪುಗೂಡುತ್ತವೆ. ಒಂದು ಪ್ಲೇಟ್‌ಲೆಟ್ ಇನ್ನೊಂದನ್ನು ಕರೆಯಲು ಬಳಸುವ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವೂ ಹೆಚ್ಚಾಗಿ ಬಿಡುಗಡೆಯಾಗುತ್ತದೆ.

2. ರಕ್ತನಾಳದ ಒಳಗೋಡೆ ಒರಟಾಗುತ್ತದೆ. ಆರೋಗ್ಯವಂತ ಒಳಗೋಡೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ಪ್ಲೇಟ್‌ಲೆಟ್‌ಗಳನ್ನು ದೂರವಿಡುತ್ತದೆ. ಮಧುಮೇಹದಲ್ಲಿ ಈ ರಕ್ಷಣೆ ಕುಗ್ಗುತ್ತದೆ.

3. ಬಲೆ ಸಣ್ಣ ಕಣ್ಣಿನದಾಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ತಮಗೆಲ್ಲ ಗೊತ್ತು. ಅದು ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬ ಲೆಕ್ಕ. ಅದೇ ಸಕ್ಕರೆ ಫೈಬ್ರಿನೋಜೆನ್‌ಗೂ ಅಂಟುತ್ತದೆ. ಮಧುಮೇಹಿಗಳಲ್ಲಿ ಫೈಬ್ರಿನೋಜೆನ್‌ನ ಪ್ರಮಾಣವೂ ಹೆಚ್ಚಿರುತ್ತದೆ. ಹೀಗಾಗಿ ಬಲೆ ದಟ್ಟವಾಗಿ, ಬಿಚ್ಚಲು ಕಷ್ಟವಾಗುತ್ತದೆ.

4. ಬಿಚ್ಚುವವನ ಕೈ ಕಟ್ಟಿಹಾಕಲಾಗುತ್ತದೆ. ಟಿಪಿಎಯನ್ನು ತಡೆಯುವ ಪಿಎಐ-1 ಎಂಬ ವಸ್ತು ಟೈಪ್ 2 ಮಧುಮೇಹದಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಬೆಳೆದವರಲ್ಲಿ ಹೆಚ್ಚಾಗುತ್ತದೆ. ಆ ಕೊಬ್ಬೇ ಇದನ್ನು ತಯಾರಿಸುತ್ತದೆ. ಬೆಲ್ಟಿಗೆ ಹೊಸ ತೂತು ಕೊರೆಸಿದಾಗ ನಾವು ನಗುತ್ತೇವೆ, ಆದರೆ ಆ ಹೊಟ್ಟೆ ಸುಮ್ಮನೆ ಕುಳಿತಿರುವ ಹೊಟ್ಟೆಯಲ್ಲ.

ಈಗ ಇದನ್ನು ಹೃದಯದ ರಕ್ತನಾಳಕ್ಕೆ ಅನ್ವಯಿಸಿ. ಅನೇಕರ ಕಲ್ಪನೆಯಲ್ಲಿ ಹೃದಯಾಘಾತವೆಂದರೆ ನೀರಿನ ಪೈಪಿನಲ್ಲಿ ಪಾಚಿ ಕಟ್ಟಿದಂತೆ ಕೊಬ್ಬು ಮೆಲ್ಲಮೆಲ್ಲನೆ ತುಂಬಿ ಒಂದು ದಿನ ಪೂರ್ತಿ ಮುಚ್ಚುವುದು. ಬಹಳಷ್ಟು ಸಲ ಹಾಗಲ್ಲ. ಅರ್ಧದಷ್ಟು ಮಾತ್ರ ಕಿರಿದಾದ ನಾಳದಲ್ಲಿ, ಕೊಬ್ಬಿನ ಪದರದ ಮೇಲಿನ ತೆಳು ಚರ್ಮ ಇದ್ದಕ್ಕಿದ್ದಂತೆ ಬಿರಿಯುತ್ತದೆ. ದೇಹ ಅದನ್ನು ಗಾಯವೆಂದು ತಿಳಿದು ಹೆಪ್ಪು ಹಾಕುತ್ತದೆ. ಬೆರಳಿನಲ್ಲಿ ಪ್ರಾಣ ಉಳಿಸುವ ಹೆಪ್ಪು ಹೃದಯದಲ್ಲಿ ಪ್ರಾಣ ತೆಗೆಯುತ್ತದೆ. ಮೊದಲೇ ಅವಸರದ ರಕ್ತವಿದ್ದವರಲ್ಲಿ ಆ ಹೆಪ್ಪು ದೊಡ್ಡದು, ಗಟ್ಟಿ ಮತ್ತು ಹಠಮಾರಿ.

ಎಚ್ಚರಿಕೆಯ ಗಂಟೆ ಏಕೆ ಬಾರಿಸುವುದಿಲ್ಲ?

ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಸೂಕ್ಷ್ಮ ನರಗಳು. ಹಲವು ವರ್ಷಗಳ ಹೆಚ್ಚಿನ ಸಕ್ಕರೆ ಪಾದದ ನರಗಳನ್ನು ಜೋಮು ಹಿಡಿಸುವಂತೆ ಈ ನರಗಳನ್ನೂ ಮಂಕುಗೊಳಿಸುತ್ತದೆ. ಮನೆಗೆ ಕಳ್ಳ ನುಗ್ಗಿದ್ದಾನೆ, ಆದರೆ ನಾಯಿ ಬೊಗಳುತ್ತಿಲ್ಲ.

ಇದು ಅಪರೂಪದ ಸಂಗತಿಯಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ತಲೆಮಾರುಗಳ ಕಾಲ ಗಮನಿಸುತ್ತಾ ಬಂದಿದ್ದಾರೆ. 1984ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ನಾಲ್ಕು ಹೃದಯಾಘಾತಗಳಲ್ಲಿ ಒಂದಕ್ಕಿಂತ ಹೆಚ್ಚು, ಸಾಮಾನ್ಯ ತಪಾಸಣೆಯ ಇಸಿಜಿಯಲ್ಲಷ್ಟೇ ಗೊತ್ತಾಗಿದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಸಂಪೂರ್ಣ ಮೌನವಾಗಿ ಬಂದು ಹೋಗಿದ್ದವು. ಇದು ಎಲ್ಲರನ್ನೂ ಸೇರಿಸಿದ ಲೆಕ್ಕ. ಯಾವ ಹೃದಯದ ತೊಂದರೆಯೂ ತಿಳಿದುಬಂದಿರದ 522 ಟೈಪ್ 2 ಮಧುಮೇಹಿಗಳನ್ನು ವಿಶೇಷ ಸ್ಕ್ಯಾನ್ ಮೂಲಕ ಪರೀಕ್ಷಿಸಿದ ಇನ್ನೊಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 100ಕ್ಕೆ 22 ಮಂದಿಯ ಹೃದಯದಲ್ಲಿ ರಕ್ತದ ಕೊರತೆಯ ಸೂಚನೆ ಇತ್ತು. ಅವರೆಲ್ಲ ತಮ್ಮ ಪಾಡಿಗೆ ಓಡಾಡಿಕೊಂಡಿದ್ದವರು.

ಹೆಣ್ಣುಮಕ್ಕಳಿಗೆ ಒಂದು ವಿಶೇಷ ಮಾತು. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದ್ರೋಗದಿಂದ ಸ್ವಲ್ಪ ರಕ್ಷಣೆ ಇದೆ ಎನ್ನುತ್ತಾರೆ. ಮಧುಮೇಹ ಬಂದರೆ ಆ ರಕ್ಷಣೆಯ ಬಹುಪಾಲು ಹೋಗುತ್ತದೆ. ಅವರಲ್ಲಿ ಎದೆನೋವಿಗಿಂತ ಸುಸ್ತು, ವಾಕರಿಕೆ, ಬೆನ್ನುನೋವು ಕಾಣುವ ಸಾಧ್ಯತೆಯೂ ಹೆಚ್ಚು. "ಮನೆಕೆಲಸ ಜಾಸ್ತಿಯಾಯ್ತು, ಅದಕ್ಕೇ ಸುಸ್ತು" ಎಂದು ನಮ್ಮ ಅಕ್ಕತಂಗಿಯರು ತಾವೇ ತೀರ್ಪು ಕೊಟ್ಟುಕೊಂಡು ಬಿಡುತ್ತಾರೆ. ಗಂಡಂದಿರು ಆ ತೀರ್ಪನ್ನು ಖುಷಿಯಿಂದ ಒಪ್ಪಿಕೊಳ್ಳಬೇಡಿ.

ನೋವಿನ ಬದಲು ಏನು ಕಾಣಿಸಬಹುದು?

ಮಧುಮೇಹಿಗಳು ಮತ್ತು ಅವರ ಮನೆಯವರು ಈ ಪಟ್ಟಿಯನ್ನು ನೆನಪಿಡಬೇಕು:

• ಕಾರಣವಿಲ್ಲದೆ ತಣ್ಣನೆಯ ಬೆವರು.
• ಹಿಂದಿನ ತಿಂಗಳು ಸುಲಭವಾಗಿ ಹತ್ತಿದ ಮೆಟ್ಟಿಲಿಗೆ ಈಗ ಏದುಸಿರು.
• ನಿದ್ದೆ ಮಾಡಿದರೂ ಹೋಗದ, ಹೊಸದಾಗಿ ಶುರುವಾದ ವಿಪರೀತ ಸುಸ್ತು.
• ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಉಬ್ಬರ, ವಾಕರಿಕೆ. ಅದರಲ್ಲೂ ನಡೆದಾಗ ಹೆಚ್ಚಾಗಿ, ಕುಳಿತಾಗ ಕಡಿಮೆಯಾಗುವಂಥದ್ದು.
• ದವಡೆ, ಕುತ್ತಿಗೆ, ಭುಜ, ಬೆನ್ನಿನಲ್ಲಿ ಬಿಗಿತ.
• ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು.
• ಏನೂ ಬದಲಾಗದಿದ್ದರೂ ಸಕ್ಕರೆಯ ಮಟ್ಟ ಇದ್ದಕ್ಕಿದ್ದಂತೆ ಏರುವುದು.

ಇಲ್ಲಿ ಒಂದು ಮೋಸವಿದೆ. ಬೆವರು, ನಡುಕ, ಸುಸ್ತು ಬಂದರೆ ಸಕ್ಕರೆ ಕಾಯಿಲೆಯವರು "ಶುಗರ್ ಲೋ ಆಗಿದೆ" ಎಂದು ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತಾರೆ. ಅದು ನಿಜವೂ ಇರಬಹುದು. ಮೀಟರ್ ಕೈಗೆ ಸಿಗುವಂತಿದ್ದರೆ ಪರೀಕ್ಷಿಸಿ. ಸಕ್ಕರೆ ಕಡಿಮೆಯಿಲ್ಲ, ಆದರೂ ಬೆವರು ನಿಲ್ಲುತ್ತಿಲ್ಲ ಎಂದರೆ ಅದು ಹೃದಯದ ಮಾತು ಎಂದು ತಿಳಿಯಿರಿ.

ನೀವು ಕೇಳುವ ಪ್ರಶ್ನೆಗಳು

*"ಹಾಗಾದರೆ ಎಲ್ಲ ಮಧುಮೇಹಿಗಳೂ ಸ್ಕ್ಯಾನ್, ಆಂಜಿಯೋಗ್ರಾಂ ಮಾಡಿಸಬೇಕೆ?"*

ಬೇಡ. ನಾನು ಮೇಲೆ ಹೇಳಿದ ಸ್ಕ್ಯಾನ್ ಅಧ್ಯಯನವನ್ನು ಮುಂದುವರಿಸಿ, 1,123 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ಸ್ಕ್ಯಾನ್ ಮಾಡಿದರು, ಉಳಿದರ್ಧಕ್ಕೆ ಮಾಡಲಿಲ್ಲ. ಸುಮಾರು ಐದು ವರ್ಷಗಳ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ಹೃದಯಾಘಾತ ಮತ್ತು ಸಾವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪಿನಲ್ಲಿ ಅಂಥ ಘಟನೆಗಳು ಕಡಿಮೆಯೇ ಇದ್ದವು. ಒಳ್ಳೆಯ ಔಷಧಿ, ಒಳ್ಳೆಯ ಹತೋಟಿ ಇಬ್ಬರನ್ನೂ ಕಾಪಾಡಿತ್ತು. ಆದರೆ ಮೇಲಿನ ಪಟ್ಟಿಯ ಯಾವುದೇ ಲಕ್ಷಣವಿದ್ದರೆ, ಇಸಿಜಿ ಬದಲಾಗಿದ್ದರೆ, ಕಾಲಿನ ರಕ್ತನಾಳದ ಅಥವಾ ಕಿಡ್ನಿಯ ತೊಂದರೆ ಇದ್ದರೆ, ಯಾವ ಪರೀಕ್ಷೆ ಬೇಕೆಂದು ವೈದ್ಯರು ನಿರ್ಧರಿಸುತ್ತಾರೆ.

*"ರಜೆಗೆ ಊರಿಗೆ ಹೋದಾಗ ಮಾಸ್ಟರ್ ಚೆಕಪ್ ಮಾಡಿಸಿದೆ, ಟ್ರೆಡ್‌ಮಿಲ್ ನಾರ್ಮಲ್ ಬಂದಿದೆ. ಇನ್ನು ಚಿಂತೆಯಿಲ್ಲ ತಾನೆ?"*

ಟ್ರೆಡ್‌ಮಿಲ್ ಪರೀಕ್ಷೆ ಹೇಳುವುದು ಅಂದಿನ ದಿನ ರಕ್ತದ ಹರಿವು ಸಾಕಷ್ಟಿದೆಯೇ ಎಂಬುದನ್ನು. ಅರ್ಧ ಕಿರಿದಾದ ನಾಳದಲ್ಲಿ ಮುಂದಿನ ತಿಂಗಳು ಕೊಬ್ಬಿನ ಪದರ ಬಿರಿಯುವುದಿಲ್ಲ ಎಂದು ಅದು ಬರೆದುಕೊಡುವುದಿಲ್ಲ. ಆ ಫೈಲು ಬೀರುವಿನಲ್ಲಿದೆ ಎಂದು ಮಾತ್ರೆ ಬಿಡಬೇಡಿ.

*"ರಕ್ತ ಹೆಪ್ಪುಗಟ್ಟುತ್ತದೆ ಎಂದಿರಿ. ದಿನಾ ಒಂದು ಆಸ್ಪಿರಿನ್ ತೆಗೆದುಕೊಂಡರೆ ಮುಗೀತಲ್ಲ?"*

ಹೆಚ್ಚಿನವರು ಕೇಳುವ, ಹಲವರು ಕೇಳದೆಯೇ ಮಾಡುವ ಕೆಲಸ ಇದು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಅಥವಾ ಅಂಥದೇ ಔಷಧಿ ಬೇಕೇ ಬೇಕು. ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಆದರೆ ಹೃದ್ರೋಗವಿಲ್ಲದ ಮಧುಮೇಹಿಗಳ ಮಾತು ಬೇರೆ. ಬ್ರಿಟನ್ನಿನಲ್ಲಿ ಅಂಥ 15,480 ಮಂದಿಯ ಮೇಲೆ ನಡೆದ 'ಅಸೆಂಡ್' ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಏಳು ವರ್ಷಕ್ಕೂ ಹೆಚ್ಚು ಕಾಲ ಆಸ್ಪಿರಿನ್ ತೆಗೆದುಕೊಂಡವರಲ್ಲಿ 100ಕ್ಕೆ 8.5 ಮಂದಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ತೊಂದರೆಯಾಯಿತು, ತೆಗೆದುಕೊಳ್ಳದವರಲ್ಲಿ 9.6. ಆದರೆ ಗಂಭೀರ ರಕ್ತಸ್ರಾವ ಆಸ್ಪಿರಿನ್‌ನವರಲ್ಲಿ 4.1, ಇಲ್ಲದವರಲ್ಲಿ 3.2. ಒಂದು ಕೈಯಲ್ಲಿ ಬಂದದ್ದು ಬಹುಪಾಲು ಇನ್ನೊಂದು ಕೈಯಲ್ಲಿ ಹೋಯಿತು. ಆದ್ದರಿಂದ ಸ್ನೇಹಿತರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆಂದು ಆಸ್ಪಿರಿನ್ ಶುರುಮಾಡಬೇಡಿ.

*"ಬೆಳ್ಳುಳ್ಳಿ, ಮೆಂತ್ಯ ಸಾಲದೇ?"*

ಅಡುಗೆಯಲ್ಲಿ ಧಾರಾಳವಾಗಿ ಬಳಸಿ. ಮಾತ್ರೆಯ ಬದಲಿಗೆ ಬೇಡ.

ಹಾಗಾದರೆ ಏನು ಮಾಡಬೇಕು?

ಡೆನ್ಮಾರ್ಕ್‌ನ ಸ್ಟೆನೋ ಎಂಬ ಮಧುಮೇಹ ಕೇಂದ್ರದಲ್ಲಿ 160 ಮಧುಮೇಹಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಮೂತ್ರದಲ್ಲಿ ಆಗಲೇ ಆಲ್ಬುಮಿನ್ ಸೋರಲು ಶುರುವಾಗಿದ್ದವರು ಅವರೆಲ್ಲ. ಅರ್ಧ ಜನರಿಗೆ ಆ ಕಾಲದ ಸಾಮಾನ್ಯ ಚಿಕಿತ್ಸೆ. ಉಳಿದವರಿಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್, ಊಟ, ವ್ಯಾಯಾಮ ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿದರು. 2003ರ ವರದಿಯಲ್ಲಿ ಎರಡನೇ ಗುಂಪಿನವರಿಗೆ ಹೃದಯ ಮತ್ತು ರಕ್ತನಾಳದ ತೊಂದರೆಗಳು ಸುಮಾರು ಅರ್ಧಕ್ಕಿಳಿದಿದ್ದವು. 2016ರ ವರದಿಯ ಪ್ರಕಾರ ಅವರ ಆಯುಸ್ಸು ಸುಮಾರು 8 ವರ್ಷ ಹೆಚ್ಚಿತ್ತು. ಒಂದೇ ಒಂದು ಹಗ್ಗ ಹಿಡಿದರೆ ತೇರು ಎಳೆಯಲಾಗದು, ಎಲ್ಲ ಹಗ್ಗಗಳನ್ನೂ ಒಟ್ಟಿಗೆ ಹಿಡಿಯಬೇಕು.

ಸಾಮಾನ್ಯವಾಗಿ ಇಟ್ಟುಕೊಳ್ಳಬೇಕಾದ ಗುರಿಗಳು ಇವು. ವಯಸ್ಸು, ಇತರ ಕಾಯಿಲೆಗಳನ್ನು ನೋಡಿ ತಮ್ಮ ವೈದ್ಯರು ಬದಲಾಯಿಸಬಹುದು:

• ಎಚ್‌ಬಿಎ1ಸಿ: ಶೇಕಡಾ 7ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ.
• ರಕ್ತದೊತ್ತಡ: 130/80ಕ್ಕಿಂತ ಕಡಿಮೆ.
• ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್: 70 ಮಿ.ಗ್ರಾಂಗಿಂತ ಕಡಿಮೆ. ಈಗಾಗಲೇ ಹೃದ್ರೋಗವಿದ್ದರೆ 55ಕ್ಕಿಂತ ಕಡಿಮೆ.
• ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ. ಇದು ಕಿಡ್ನಿಯ ಪರೀಕ್ಷೆ ಮಾತ್ರವಲ್ಲ, ದೇಹದ ಎಲ್ಲ ರಕ್ತನಾಳಗಳ ಜಾತಕ.

ಇಲ್ಲಿಯ ರಿಪೋರ್ಟು ನೋಡಿ "ನನಗೆ ಶುಗರ್ ಬರೀ 9, ಊರಿನಲ್ಲಿ ಇದ್ದಾಗ 160 ಇತ್ತು, ಎಷ್ಟು ಇಳಿದಿದೆ ನೋಡಿ" ಎಂದು ಸಂತೋಷಪಟ್ಟವರು ಇದ್ದಾರೆ. ಅಳತೆಗೋಲು ಬೇರೆ ಅಷ್ಟೆ. ಕತಾರ್‌ನ ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ ಮಿಲಿಮೋಲ್ ಲೆಕ್ಕವಿರುತ್ತದೆ. ಸಕ್ಕರೆಯ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಲೆಕ್ಕ ಬರುತ್ತದೆ. 9 ಎಂದರೆ 162! ಎಲ್‌ಡಿಎಲ್ ಆದರೆ ಸುಮಾರು 39ರಿಂದ ಗುಣಿಸಿ. ಇಲ್ಲಿಯ 1.8 ಅಲ್ಲಿಯ 70.

ಸ್ಟಾಟಿನ್ ಮಾತ್ರೆಗಳ ಬಗ್ಗೆ ಅನಗತ್ಯ ಹೆದರಿಕೆ ಇದೆ. ಹೃದ್ರೋಗವಿಲ್ಲದ 2,838 ಮಧುಮೇಹಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ಮಿ.ಗ್ರಾಂ ಅಟೋರ್ವಾಸ್ಟಾಟಿನ್ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳನ್ನು ಶೇಕಡಾ 37ರಷ್ಟು ತಗ್ಗಿಸಿತು. ಅದು ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಕೊಬ್ಬಿನ ಪದರದ ಮೇಲಿನ ಚರ್ಮವನ್ನು ಗಟ್ಟಿ ಮಾಡುತ್ತದೆ, ಬಿರಿಯದಂತೆ ಕಾಯುತ್ತದೆ. ಹೃದಯ, ಕಿಡ್ನಿಗಳನ್ನೂ ಕಾಪಾಡುವ ಹೊಸ ಮಧುಮೇಹದ ಔಷಧಿಗಳೂ ಈಗ ಇವೆ. ತಮಗೆ ಅವು ಸೂಕ್ತವೇ ಎಂದು ವೈದ್ಯರನ್ನು ಕೇಳಿ.

ಸಿಗರೇಟು ಮಾತ್ರವಲ್ಲ, ಶೀಷಾ ಕೂಡ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ. ನವೆಂಬರಿನಿಂದ ಮಾರ್ಚ್‌ವರೆಗೆ ಕಾರ್ನಿಷ್ ಇದೆ, ಆಸ್ಪೈರ್ ಪಾರ್ಕ್ ಇದೆ. ಬೇಸಿಗೆಯಲ್ಲಿ ಮಾಲ್‌ಗಳಿವೆ, ಆದರೆ ಫುಡ್ ಕೋರ್ಟಿನ ಕಡೆಗಲ್ಲ. 2012ರಿಂದ ಫೆಬ್ರವರಿಯ ಎರಡನೇ ಮಂಗಳವಾರ ಇಲ್ಲಿ ರಾಷ್ಟ್ರೀಯ ಕ್ರೀಡಾ ದಿನದ ರಜೆ ಕೊಡುತ್ತಾರೆ. ಅಂದು ಒಂದು ದಿನ ಓಡಿ ವರ್ಷವಿಡೀ ಕೂರುವುದು ವ್ಯಾಯಾಮವಲ್ಲ.

ಆ ಗಳಿಗೆ ಬಂದರೆ

ಅನುಮಾನ ಬಂದ ಕೂಡಲೇ 999ಕ್ಕೆ ಕರೆ ಮಾಡಿ. ತಾವೇ ಕಾರು ಓಡಿಸಿಕೊಂಡು ಹೋಗಬೇಡಿ. ಗೆಳೆಯರು ಆಫೀಸಿನಿಂದ ಬರಲಿ ಎಂದು ಕಾಯಬೇಡಿ. ಆಂಬ್ಯುಲೆನ್ಸ್‌ನಲ್ಲಿಯೇ ಇಸಿಜಿ ತೆಗೆಯುತ್ತಾರೆ. ಹಮದ್ ವೈದ್ಯಕೀಯ ಸಂಸ್ಥೆಯ ಹೃದಯ ಆಸ್ಪತ್ರೆ 2011ರಿಂದ ದೋಹಾದಲ್ಲಿದೆ. ಮುಚ್ಚಿದ ನಾಳವನ್ನು ತುರ್ತಾಗಿ ತೆರೆಯುವ ವ್ಯವಸ್ಥೆ ಅಲ್ಲಿ ಹಗಲಿರುಳೂ ಇದೆ. ಮಧುಮೇಹವಿದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ ಆಸ್ಪಿರಿನ್ 300 ಮಿ.ಗ್ರಾಂ ಅಗಿದು ನುಂಗಲು ಹೇಳಬಹುದು, ಅವರು ಹೇಳಿದಂತೆ ಮಾಡಿ. ಒಬ್ಬರೇ ರೂಮಿನಲ್ಲಿರುವ ನಮ್ಮ ಬ್ಯಾಚುಲರ್ ಬಂಧುಗಳು ಮೊದಲು ಬಾಗಿಲಿನ ಚಿಲಕ ತೆಗೆದಿಟ್ಟು ಫೋನ್ ಮಾಡಿ.

ಊರಿನಲ್ಲಿರುವ ತಂದೆತಾಯಿಗಳಿಗೂ ಇದನ್ನು ತಿಳಿಸಿ. ಅಲ್ಲಿ 108 ಇದೆ. 2021ರ ಅಕ್ಟೋಬರ್ 29ರಂದು 46ರ ಹರೆಯದ ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್ ಅಗಲಿದಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಮುಂದೆ ಅವರ ಹೆಸರಿನಲ್ಲಿಯೇ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿತು. ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ತಾಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ನಾನು ಮೇಲೆ ಹೇಳಿದ, ರಕ್ತನಾಳವೇ ತಯಾರಿಸುವ ಟಿಪಿಎಯ ಸುಧಾರಿತ ರೂಪವೇ ಈ ಚುಚ್ಚುಮದ್ದು. ಆದರೆ ಯಾವ ಔಷಧಿಯೂ ಮೊದಲ ಕೆಲವು ಗಂಟೆಗಳಲ್ಲಿ ಮಾಡುವ ಕೆಲಸವನ್ನು ಮರುದಿನ ಮಾಡಲಾರದು. "ಬೆಳಗ್ಗೆ ನೋಡೋಣ" ಎಂಬ ಮಾತನ್ನು ಅಪ್ಪ ಅಮ್ಮನಿಗೆ ಮರೆಸಿಬಿಡಿ.

ಕೊನೆಯದಾಗಿ

ನನ್ನ ಗೆಳೆಯರ ವಿಷಯ ಹೇಳಿ ಮುಗಿಸುತ್ತೇನೆ. ಅವರ ಮೂರೂ ರಕ್ತನಾಳಗಳಲ್ಲಿ ಅಡಚಣೆಯಿತ್ತು. ಮಧುಮೇಹಿಗಳಲ್ಲಿ ಹೀಗೆ ಹಲವು ನಾಳಗಳು ಕೆಟ್ಟಾಗ ಸ್ಟೆಂಟ್‌ಗಿಂತ ಬೈಪಾಸ್ ಒಳ್ಳೆಯದೆಂದು 2012ರ ಒಂದು ದೊಡ್ಡ ಅಧ್ಯಯನ ತೋರಿಸಿದೆ, ಅವರಿಗೂ ಬೈಪಾಸ್ ಆಯಿತು. ದೇವರ ದಯೆಯಿಂದ ಬದುಕಿದ್ದಾರೆ. ಆದರೆ ಆ ನಾಲ್ಕು ದಿನಗಳಲ್ಲಿ ಕಳೆದುಕೊಂಡ ಹೃದಯದ ಸ್ನಾಯು ಮರಳಿ ಬರಲಿಲ್ಲ. ಈಗ ಕುರ್ಚಿ ಹೊರುವುದಿಲ್ಲ, ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸುತ್ತಾರೆ. ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ಬೆವರು ಒರೆಸಿಕೊಂಡರೆ ಸಾಕು, "ಡಾಕ್ಟ್ರೇ, ಇವರನ್ನು ಸ್ವಲ್ಪ ನೋಡಿ" ಎಂದು ಕೈಹಿಡಿದು ಎಳೆದು ತರುತ್ತಾರೆ. ಈವರೆಗೆ ಹಾಗೆ ತಂದವರಲ್ಲಿ ಹೆಚ್ಚಿನವರಿಗೆ ಬರೀ ಸೆಖೆ. ಒಬ್ಬರಿಗೆ ಮಾತ್ರ ಅದು ಸೆಖೆಯಾಗಿರಲಿಲ್ಲ. ಅವರು ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದರು, ಮುಂದಿನ ಯುಗಾದಿಗೆ ಕೋಲಾಟ ಆಡಿದರು.

ಈ ಬಾರಿಯ ಕಾರ್ಯಕ್ರಮದಲ್ಲಿ ಹೋಳಿಗೆ ಒಂದು ಸಾಕು. ಎಚ್‌ಬಿಎ1ಸಿ, ರಕ್ತದೊತ್ತಡ, ಎಲ್‌ಡಿಎಲ್, ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು ಬನ್ನಿ. ಭೇಟಿಯಾದಾಗ ನನಗೆ ತೋರಿಸಿ. ಅಂಕಿಗಳು ಚೆನ್ನಾಗಿದ್ದರೆ ಇನ್ನರ್ಧ ಹೋಳಿಗೆಗೆ ನನ್ನ ಅನುಮತಿ ಇದೆ.

ನಮಸ್ಕಾರ. ಮತ್ತೆ ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.